ಹೊಂಬಾಳಮ್ಮನ ಸೀರೆ

ಬಾವಿಪಾಳ್ಯ,
ತುರುವೇಕೆರೆ ತಾಲ್ಲೂಕು
ಭಾನುವಾರ, ೩ ಮಾರ್ಚ್ ೨೦೨೪

ಚಿರಂಜೀವಿ ಧನ್ಯಶ್ರೀಗೆ,

ನಾನು ರಂಗಕ್ಕ. ಬಾವಿಪಾಳ್ಯದ ಪಟೇಲ್ ಬೋರಯ್ಯನವರ ಹೆಂಡತಿ. ತುರುವೇಕೆರೆ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಈ ಊರಿಗೆ ಸೊಸೆಯಾಗಿ ಬಂದವರಲ್ಲಿ ಮೊದಲನೆಯವಳು. ಮೂವತ್ತಮೂರು ವರ್ಷದಿಂದ ಈ ಮನೆಯ ಬೀಗದ ಕೈ ನನ್ನ ಸೊಂಟದಲ್ಲಿದೆ. ನಮ್ಮ ವಂಶದ ಹನ್ನೊಂದು ಮನೆಗಳಲ್ಲಿ ಮದುವೆಯಾಗಲಿ, ತಿಥಿಯಾಗಲಿ, ನನ್ನನ್ನು ಕೇಳದೆ ಒಲೆ ಹಚ್ಚುವುದಿಲ್ಲ. ಹೊಂಬಾಳಮ್ಮನ ಹಬ್ಬದ ದಿನ ಅಮ್ಮನ ಕಥೆ ಹೇಳುವವಳೂ, ಅಮ್ಮನ ಸೀರೆಯನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವಳೂ ನಾನೇ.

ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದೆ. ಹೋದ ವರ್ಷ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ನೀನು "ನೀನು ನಂಗೆ ಯಾರೂ ಅಲ್ಲ" ಅಂದೆ. ಯಾರೂ ಅಲ್ಲದವಳು ಪತ್ರ ಬರೆದರೆ ತಾನು ಯಾರೆಂದು ಮೊದಲು ಹೇಳಬೇಕಲ್ಲ.

ಪತ್ರ ತಡವಾಯಿತು. ಒಂದು ವರ್ಷಕ್ಕೂ ಮೇಲಾಯಿತು. ಕೈ ನಡುಗುತ್ತದೆ, ಕಣ್ಣು ಮಂಜಾಗಿದೆ ಎಂದು ನೆಪ ಬರೆಯಬಹುದಿತ್ತು. ಎರಡೂ ಸುಳ್ಳು. ಹೋದ ವಾರವೂ ಸೂಜಿಗೆ ದಾರ ನಾನೇ ಪೋಣಿಸಿದೆ. ಬರೆಯಲಿಲ್ಲ, ಅಷ್ಟೆ. ನೀನೀಗ ಇರುವ ಶೆಟ್ಟಿಕೆರೆಗೆ ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಸೋದರಮಾವ ಭೀಮರಾಜು ಎತ್ತಿ, "ಮಗ ಹೊರಗಡೆ ಹೋಗೈತೆ ಕಣಕ್ಕ" ಅನ್ನುತ್ತಾನೆ. ಹಿಂದಿನಿಂದ ನಿನ್ನ ದನಿ ಕೇಳಿಸುತ್ತಿರುತ್ತದೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ. ಶೆಟ್ಟಿಕೆರೆಯವರಿಗೆಲ್ಲ ಹಾಗೆಯೋ, ಅವನೊಬ್ಬನಿಗೋ ಗೊತ್ತಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಉಸಿರಾಡುತ್ತಿದ್ದೇವೆ ಎಂದು ಬರೆಯುತ್ತೇನೆ. ಕರಿ ಹಸು ಹೆಣ್ಣುಗರು ಹಾಕಿದೆ. ನಿನ್ನಪ್ಪ ಶಿವರಾಜು ಮೊದಲೇ ಮಾತು ಕಡಿಮೆ, ಈಗ ಅದೂ ಇಲ್ಲ. ನಿನ್ನಮ್ಮ ರಾಧಾಮಣಿ ಹೊತ್ತಿಗೆ ಸರಿಯಾಗಿ ತಟ್ಟೆ ಇಡುತ್ತಾಳೆ, ಹೊತ್ತಿಗೆ ಸರಿಯಾಗಿ ಎತ್ತುತ್ತಾಳೆ. ಒಂದು ವರ್ಷದಿಂದ ನನ್ನ ಜೊತೆ ಅವಳು ಆಡಿದ ಮಾತೆಂದರೆ "ಸಾಕಾ?" ಎಂಬುದೊಂದೇ. ನಾನು "ಸಾಕು" ಅನ್ನುತ್ತೇನೆ. ತೋಟದಲ್ಲಿ ಕಾಯಿ ಕೀಳುವವರಿಲ್ಲ. ಚಿಕ್ಕಣ್ಣ ನಮ್ಮ ಮರ ಹತ್ತುವುದಿಲ್ಲ ಎಂದು ಹೇಳಿ ಕಳಿಸಿದ. ಕಾಯಿಗಳು ತಾವೇ ಬಲಿತು ತಾವೇ ಉದುರುತ್ತವೆ, ನಾನು ಆರಿಸಿ ಅಟ್ಟಕ್ಕೆ ಹಾಕಿಸುತ್ತೇನೆ.

ನೀನು ಬಾಕಿ ಉಳಿದಿದ್ದ ಪರೀಕ್ಷೆ ಬರೆದೆಯಂತೆ. ಕಾಲು ಇನ್ನೂ ಸ್ವಲ್ಪ ಎಳೆಯುತ್ತದಂತೆ. ಎರಡನ್ನೂ ಭೀಮರಾಜುವೇ ಹೇಳಿದ. ಮೊದಲನೆಯದಕ್ಕೆ ಸಂತೋಷಪಟ್ಟೆ. ಎರಡನೆಯದಕ್ಕೆ ಏನು ಬರೆಯಲಿ?

ಈ ಮಂಗಳವಾರ ಅಮ್ಮನ ಹಬ್ಬ. ಪ್ರತಿವರ್ಷದಂತೆ ಮಾಘಮಾಸದ ಕೊನೆಯ ಮಂಗಳವಾರ. ಅದಕ್ಕೇ ಇವತ್ತು ಬರೆಯಲು ಕುಳಿತೆ. ನೀನು ಆಸ್ಪತ್ರೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ. "ಅಜ್ಜಿ, ಆ ಸೀರೆ ನಂಗ್ಯಾಕೆ ಕೊಟ್ಟೆ?" ಅಂತ. ನಾನು ನಿನ್ನ ಹೊದಿಕೆ ಸರಿಮಾಡಿ, "ಊಟ ಮಾಡಿದ್ಯೇನವ್ವ?" ಅಂದೆ. ನೀನು ಮತ್ತೊಂದು ಸಲ ಕೇಳಿದೆ. ನಾನು ಕಿಟಕಿ ಮುಚ್ಚಲು ಎದ್ದೆ. ಆಗಲೇ ನೀನು ನನ್ನನ್ನು ಯಾರೂ ಅಲ್ಲ ಅಂದದ್ದು. ಆ ಪ್ರಶ್ನೆಗೆ ಉತ್ತರ ಬರೆಯಬೇಕು.

ಮಾಯಸಂದ್ರದವರು ಬಂದ ದಿನದಿಂದ ಶುರುಮಾಡುತ್ತೇನೆ. ನಿನ್ನ ಲಗ್ನಕ್ಕೆ ಇನ್ನು ಒಂದು ತಿಂಗಳಿತ್ತು, ಹಬ್ಬಕ್ಕೆ ಒಂದು ವಾರ. ಹುಡುಗನ ಸೋದರಮಾವ ಜಗಲಿಯ ಮೇಲೆ ಕುಳಿತು, ಕಾಫಿ ಲೋಟ ಕೆಳಗಿಡದೆ, ಇನ್ನೊಂದು ಕೈಯಲ್ಲಿ ಫೋನನ್ನು ನನ್ನ ಮುಖಕ್ಕೆ ಹಿಡಿದ. ಫೋಟೊದಲ್ಲಿ ನೀನು ಒಬ್ಬ ಹುಡುಗನ ಬೈಕಿನ ಹಿಂದೆ ಕುಳಿತಿದ್ದೆ. ಗಾಳಿಗೆ ಕೂದಲು ಹಾರಿತ್ತು. ನಗುತ್ತಿದ್ದೆ.

"ನೀವೇ ನೋಡಿ ರಂಗಕ್ಕೋರೇ. ನಾವೇನೂ ಅನ್ನಲ್ಲ. ನಮ್ ಹುಡ್ಗ ಇದ್ನ ನೋಡ್ದಾಗಿಂದ ಊಟ ಬುಟ್ಟವ್ನೆ."

ಬಾಗಿಲ ಮರೆಯಿಂದ ನಿನ್ನಮ್ಮ, "ತಿಪಟೂರ್ನಾಗೆ ಬಸ್ ತಪ್ತು ಅಂತ ಬಂದವ್ಳೆ ಕಣಣ್ಣ. ಬೈಕ್‌ನಾಗೆ ಕೂತ್ರೆ ಏನಾಯ್ತು?" ಅಂದಳು.

"ಕೂತ್ರೆ ಏನೂ ಆಗಕ್ಕಿಲ್ಲ ಕಣಮ್ಮ. ಕಂಡ್ರೆ ಆಯ್ತದೆ."

ಲೋಟ ಖಾಲಿಮಾಡಿ, ಒಪ್ಪಿಗೆ ಶಾಸ್ತ್ರದಲ್ಲಿ ನಾವು ಕೊಟ್ಟಿದ್ದ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಲಗ್ನ ಮುರಿದು ಹೋದರು. ಬೀದಿಯಲ್ಲಿ ಏಳೆಂಟು ಜನ ನಿಂತಿದ್ದರು. ಮೂವತ್ತು ವರ್ಷ ನಾನು ಆ ಜಗಲಿಯ ಮೇಲೆ ಕುಳಿತು ಬೇರೆಯವರ ಮನೆ ನ್ಯಾಯ ಹೇಳಿದವಳು. ಅವತ್ತು ನನ್ನ ಮನೆಯ ತಟ್ಟೆಯನ್ನು ಊರೆಲ್ಲ ನೋಡಿತು.

ನೀನು ನನ್ನ ಹತ್ತಿರ ಬಂದು, "ಗಂಗಾಧರ್ ನಮ್ ಕ್ಲಾಸ್‌ನವ್ನು ಕಣಜ್ಜಿ. ಊರ ಕ್ರಾಸ್‌ತಂಕ ಬುಟ್ಟ, ಅಷ್ಟೇಯ" ಅಂದೆ. ನಾನು "ಕೇಳಿದ್ನಾ ನಾನು?" ಅಂದೆ. ಸ್ನೇಹವೋ ಪ್ರೀತಿಯೋ ನಾನು ಅವತ್ತು ಕೇಳಲಿಲ್ಲ. ಇವತ್ತೂ ಕೇಳುವುದಿಲ್ಲ. ಅವತ್ತು ಕೇಳದಿದ್ದುದು ಸಿಟ್ಟಿನಿಂದ. ಇವತ್ತು, ಅದು ನನ್ನ ಕೆಲಸವಲ್ಲ ಎಂದು.

ಆ ಒಂದು ವಾರ ನಿನ್ನ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ ನಾನು. ನೀನು ಚೊಂಬು ತಂದಿಟ್ಟರೆ, ಅದನ್ನು ಅಲ್ಲೇ ಬಿಟ್ಟು ಎದ್ದುಹೋಗಿ ಬೇರೆ ಚೊಂಬಿನಲ್ಲಿ ಕುಡಿಯುತ್ತಿದ್ದೆ. ಮಾತು ಬೇಕಾಗಿರಲಿಲ್ಲ.

ಹಬ್ಬದ ದಿನ ಬಂತು. ಹನ್ನೊಂದು ಮನೆಯವರೂ ತೋಟದಲ್ಲಿ ಸೇರಿದ್ದರು. ಅಮ್ಮನ ಕಲ್ಲಿಗೆ ಎಣ್ಣೆ ಹಚ್ಚಿ, ಸೀರೆ ಏರಿಸಿ, ಎಡೆ ಇಟ್ಟಾಯಿತು. ನಾನು ಕಥೆ ಹೇಳಿದೆ. ನೀನು ಚಿಕ್ಕಂದಿನಿಂದ ಕೇಳಿದ ಅದೇ ಕಥೆ. ಐದು ತಲೆಮಾರಿನ ಹಿಂದೆ ಹೊಂಬಾಳಮ್ಮ ಈ ಮನೆಯ ಸೊಸೆ. ಗಂಡ ಗಾಡಿ ಕಟ್ಟಿಕೊಂಡು ತಿಪಟೂರು ಸಂತೆಗೆ ಹೋಗಿದ್ದ. ಸಂಜೆ ಬೇಸಿಗೆ ಮಳೆ ಹಿಡಿದುಕೊಂಡಿತು. ದಾರಿಯಲ್ಲಿ ಸಿಕ್ಕಿಹಾಕಿಕೊಂಡ ಒಬ್ಬ ಕೊಬ್ಬರಿ ವ್ಯಾಪಾರಿಗೆ ಜಗಲಿಯಲ್ಲಿ ಜಾಗ ಕೊಟ್ಟು, ಎರಡು ರೊಟ್ಟಿ ಕೊಟ್ಟಳು. ಬೆಳಗಾಗುವುದರೊಳಗೆ ಊರು ಮಾತಾಡಿತು. ಗಂಡ ಬಂದು ಕೇಳಿದ. ಅವಳು ಎದುರು ಮಾತಾಡಲಿಲ್ಲ. ಹೊಸ ಸೀರೆ ಉಟ್ಟು, ಕೆನ್ನೆಗೆ ಅರಿಶಿನ ಹಚ್ಚಿಕೊಂಡು, ನಗುನಗುತ್ತ ತೋಟದ ಬಾವಿಗೆ ನಡೆದಳು. ಒಣಗಿದ್ದ ಬಾವಿ ದಂಡೆಯವರೆಗೆ ಉಕ್ಕಿತು. ಅವತ್ತಿನಿಂದ ನಮ್ಮ ತೋಟ ಒಣಗಿಲ್ಲ. ಮಾನಕ್ಕೆ ಪ್ರಾಣ ಕೊಟ್ಟವಳು ಅಮ್ಮನಾದಳು.

ಹೇಳುವಾಗ ನಾನು ನಿನ್ನನ್ನೇ ನೋಡುತ್ತಿದ್ದೆ. ನೀನು ಗಮನಿಸಿದ್ದೆ. ನಿನ್ನಮ್ಮನೂ ಗಮನಿಸಿದ್ದಳು.

ಆಮೇಲೆ ಸೀರೆ. ಆ ವರ್ಷ ಕಷ್ಟದಲ್ಲಿರುವ ಹೆಣ್ಣಿಗೆ ಅಮ್ಮನ ಸೀರೆ ಕೊಡುವುದು ಪದ್ಧತಿ. ಮಕ್ಕಳಾಗದವರಿಗೆ ಕೊಟ್ಟಿದ್ದೇನೆ, ಕಾಯಿಲೆ ಬಿದ್ದವರಿಗೆ, ಗಂಡ ಬಿಟ್ಟುಹೋದವರಿಗೆ ಕೊಟ್ಟಿದ್ದೇನೆ. ಹೆಸರಿಗೆ ಮಾತು ಬಂದವರಿಗೆ ನನ್ನ ಕಾಲದಲ್ಲಿ ಕೊಟ್ಟಿರಲಿಲ್ಲ. ಅವತ್ತು ನಿನ್ನ ಹೆಸರು ಕೂಗಿದೆ. ನಿನ್ನ ಚಿಕ್ಕತಾತ ಲಕ್ಷ್ಮಯ್ಯ ಹಿಂದಿನಿಂದ, "ಸೇರ್ಬೇಕಾದೋರಿಗೇ ಸೇರ್ತು ಬುಡು" ಅಂದ. ನೀನು ಎರಡೂ ಕೈ ಚಾಚಿ ತೆಗೆದುಕೊಂಡೆ. ಸೀರೆಯನ್ನು ನೋಡಿದೆ, ನನ್ನನ್ನು ನೋಡಿದೆ, ತಲೆ ಆಡಿಸಿದೆ. ನಾನು ಹೇಳಿದ್ದಕ್ಕೆ ಒಪ್ಪಿಕೊಂಡವಳ ಹಾಗೆ.

ಮಾರನೆಯ ಬೆಳಿಗ್ಗೆ ನೀನು ಆ ಸೀರೆ ಉಟ್ಟು ತೋಟಕ್ಕೆ ಹೋದೆ. ಮುಂದಿನದನ್ನು ನಾನು ಬರೆಯಲಾರೆ, ನಿನಗೂ ಓದುವುದು ಬೇಡ. ಮರದ ಮೇಲಿದ್ದ ಚಿಕ್ಕಣ್ಣ ನೋಡಿದ, ಇಳಿದು ಬಂದ, ನಿನ್ನ ಹಿಂದೆಯೇ ಧುಮುಕಿದ, ನೀನು ಬದುಕಿದೆ. ಅಷ್ಟು ಸಾಕು.

ನಿನ್ನನ್ನು ಕಾರಿನಲ್ಲಿ ತಿಪಟೂರಿಗೆ ಕರೆದೊಯ್ದ ಮೇಲೆ ಅಂಗಳದಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಲಕ್ಷ್ಮಯ್ಯ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಅವ್ಳ ಹಣೇಲಿ ಹಂಗೆ ಬರ್ದಿತ್ತು ಅತ್ತಿಗೆ. ಹೊಂಬಾಳಮ್ಮ ಕೈ ಹಿಡ್ದು ಕರ್ದವ್ಳೆ. ಆಮ್ಯಾಲೆ ಮನ್ಸು ಬದ್ಲಾಯ್ಸಿ, ಅವ್ಳೇ ಕೈ ಹಿಡ್ದು ಮೇಲಕ್ಕೆ ತಳ್ಳವ್ಳೆ" ಅಂದ.

ಚಿಕ್ಕಣ್ಣ ಒದ್ದೆ ಬಟ್ಟೆಯಲ್ಲಿ ಕಾಂಪೌಂಡಿನ ಹತ್ತಿರ ನಿಂತಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು. "ಕೈ ಹಿಡ್ದಿದ್ದು ನಾನು ಕಣ್ ಸೋಮಿ" ಅಂದ. "ಒಳಗೆಲ್ಲ ನೋಡ್ದೆ. ಅವಮ್ಮ ಎಲ್ಲೂ ಕಾಣ್ನಿಲ್ಲ."

"ಏನ್ಲಾ ಅಂದೆ?" ಎಂದು ಲಕ್ಷ್ಮಯ್ಯ ಎದ್ದ.

ಚಿಕ್ಕಣ್ಣ ಅವನ ಕಡೆ ತಿರುಗಲಿಲ್ಲ. ನನ್ನನ್ನು ನೋಡಿ, "ನಿಮ್ ದ್ಯಾವ್ರಿಗೆ ಇನ್ನೂ ಎಷ್ಟ್ ಹೆಣ್ಮಕ್ಳು ಬೇಕವ್ವಾ?" ಅಂದ. ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ. ಮೂವತ್ತು ವರ್ಷ ನನ್ನೆದುರು ತಲೆ ಎತ್ತಿ ಮಾತಾಡಿದವನಲ್ಲ. ಅವನ ನಾಲಗೆಗೆ ಬುದ್ಧಿ ಕಲಿಸಬೇಕು ಎಂದು ನಾನು ಆ ಹೊತ್ತಿನಲ್ಲೂ ಅಂದುಕೊಂಡೆ, ಧನ್ಯಾ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಈಗ ಹೊಂಬಾಳಮ್ಮನ ವಿಷಯ. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿನ್ನ ತಾತನಿಗೂ.

ಆ ಕಥೆಯಲ್ಲಿ ಬಾವಿ ಉಕ್ಕಿತಲ್ಲ, ಅದು ನಾನು ಸೇರಿಸಿದ್ದು. ಮದುವೆಯಾಗಿ ಬಂದ ನಾಲ್ಕನೆಯ ವರ್ಷ ನನ್ನ ಅತ್ತೆ ಅಂಕಮ್ಮ, "ನೀನು ಓದ್ದೋಳು ಕಣೇ, ನೀನೇ ಹೇಳು" ಎಂದು ಕಥೆಯನ್ನು ನನಗೆ ವಹಿಸಿದರು. ಅವರು ಹೇಳುತ್ತಿದ್ದುದು ಮೂರೇ ಮಾತು. ಹೆಸರಿಗೆ ಮಾತು ಬಂತು, ಬಾವಿಗೆ ಹೋದಳು, ಅಮ್ಮನಾದಳು. ನನಗೆ ಅದು ಸಪ್ಪೆ ಅನ್ನಿಸಿತು. ಸ್ಕೂಲಿನಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡವಳು ನಾನು. ಮೊದಲನೆಯ ವರ್ಷ ಮಳೆ ಸೇರಿಸಿದೆ. ಎರಡನೆಯ ವರ್ಷ ಬಾವಿ ಉಕ್ಕಿಸಿದೆ, ಹೆಂಗಸರು ಕೈ ಮುಗಿದರು. ಮೂರನೆಯ ವರ್ಷ "ನಗುನಗುತ್ತ" ಎಂಬುದನ್ನು ಸೇರಿಸಿದೆ. ಅಲ್ಲಿ ಎಲ್ಲರೂ ಅಳುತ್ತಿದ್ದರು. ಅಳಿಸಲು ಬರುತ್ತದೆ ಎಂದು ನನಗೆ ಹೆಮ್ಮೆ. ನಗುತ್ತ ಯಾರಾದರೂ ಸಾಯಲು ಹೋಗುತ್ತಾರಾ? ನನ್ನ ವಯಸ್ಸು ಆಗ ಇಪ್ಪತ್ತನಾಲ್ಕು. ಸಾವು ಎಂದರೆ ಏನೆಂದು ನೋಡಿರಲಿಲ್ಲ.

ತೊಂಬತ್ತೊಂದನೇ ಇಸವಿಯಲ್ಲಿ ಅತ್ತೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಅವರ ಪಾದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದೆ. ಇದ್ದಕ್ಕಿದ್ದಂತೆ, "ಲೇ ರಂಗಿ, ನೀನು ಚೆಂದಾಗಿ ಹೇಳ್ತೀಯ. ಆದ್ರೆ ಅವ್ಳು ಹಂಗೆ ಹೋಗ್ಲಿಲ್ಲ ಕಣೇ" ಅಂದರು.

"ಇನ್ನೆಂಗೆ ಹೋದ್ಲು ಅತ್ತೆ?"

"ಗಂಡ ಬಾಗ್ಲು ಹಾಕ್ದ. ಬಾವನ ಮನೆಗೋದ್ಲು, ಅವ್ರೂ ಹಾಕುದ್ರು. ನಡ್ಕಂಡು ತವರಿಗೋದ್ಲು. ಅಣ್ಣತಮ್ಮದೀರು ಮುಂಬಾಗ್ಲಿಂದ್ಲೇ ವಾಪಸ್ ಕಳುಸುದ್ರು. ಮೂರು ದಿಸ ಹೊಟ್ಟೆಗಿಲ್ದೆ ತಿರುಗವ್ಳೆ ಕಣೇ ಆ ಹೆಣ್ಣು. ಬದುಕ್ಬೇಕು ಅಂತ ತಿರುಗವ್ಳೆ. ಆಮ್ಯಾಲೆ ತಾನೆ ಬಾವಿ."

ಗಂಡ ಮೂರು ತಿಂಗಳಿಗೆ ಇನ್ನೊಂದು ಮದುವೆಯಾದ. ಆ ಎರಡನೆಯವಳ ಹೊಟ್ಟೆಯಲ್ಲಿ ಹುಟ್ಟಿದ ವಂಶ ನಮ್ಮದು. ಹನ್ನೊಂದು ಮನೆಯಲ್ಲಿ ಒಬ್ಬರೂ ಹೊಂಬಾಳಮ್ಮನ ರಕ್ತವಲ್ಲ. ಅವಳಿಗೆ ಮಕ್ಕಳೇ ಆಗಿರಲಿಲ್ಲ. ಮುಂದೆ ಮನೆಯಲ್ಲಿ ಎರಡು ಕೂಸು ಸತ್ತವು, ಹೆದರಿದರು, ಕಲ್ಲು ನೆಟ್ಟರು. ಇದು ನಮ್ಮ ಅಮ್ಮನ ಕಥೆ.

ಇದನ್ನು ತಿಳಿದುಕೊಂಡ ಮೇಲೂ ಮೂವತ್ತೆರಡು ವರ್ಷ ನಾನು ಬಾವಿ ಉಕ್ಕಿಸಿದೆ. ಯಾಕೆ ಎಂದರೆ, ಆ ಕಥೆಯಿಂದ ನನಗೆ ಸ್ಥಾನ ಸಿಕ್ಕಿತ್ತು. ಊರಿನ ಹೆಂಗಸರು ತಗ್ಗಿದ ದನಿಯಲ್ಲಿ ನನ್ನ ಹತ್ತಿರ ಮಾತಾಡುತ್ತಿದ್ದರು. ಮಾನ ದೊಡ್ಡದು, ಪ್ರಾಣ ಚಿಕ್ಕದು ಎಂದು ನಾನು ಹೇಳಿದರೆ ತಲೆದೂಗುತ್ತಿದ್ದರು. ಈ ಒಂದು ವರ್ಷ ಯೋಚನೆ ಮಾಡಿ ನೋಡಿದೆ. ಹೀಗೆ ಹೇಳಿಕೊಡುವವರೆಲ್ಲ ಬದುಕಿರುವವರೇ. ಮನೆಯಲ್ಲಿ ಕುಳಿತು, ಹೊಟ್ಟೆ ತುಂಬ ಉಂಡು, ಬೇರೆಯವರ ಪ್ರಾಣವನ್ನು ಚಿಕ್ಕದು ಅನ್ನುತ್ತೇವೆ. ನಮ್ಮ ಮನೆಯ ಗಂಡಸರು ಎಷ್ಟೊಂದು ಸಲ ಮಾನ ಕಳೆದುಕೊಂಡಿಲ್ಲ? ಲಕ್ಷ್ಮಯ್ಯ ಎಂಬತ್ತೆರಡನೇ ಇಸವಿಯಲ್ಲಿ ಏನು ಮಾಡಿದ ಎಂಬುದು ಊರಿಗೇ ಗೊತ್ತು. ಮಾರನೆಯ ದಿನ ಮೀಸೆ ಕತ್ತರಿಸಿಕೊಂಡು ಬಂದ, ಅಷ್ಟೆ. ಬಾವಿಯ ದಾರಿಯನ್ನು ಅವನಿಗೆ ಯಾರೂ ತೋರಿಸಲಿಲ್ಲ.

ಹಣೆಯಲ್ಲಿ ಬರೆದಿತ್ತು ಎಂಬುದನ್ನೂ ಇನ್ನು ಒಪ್ಪಲಾರೆ. ನಿನ್ನ ಹಣೆಯನ್ನು ಹುಟ್ಟಿದ ದಿನದಿಂದ ನೋಡಿದ್ದೇನೆ. ಎಣ್ಣೆ ಹಚ್ಚಿ ಎರೆದವಳೂ ನಾನೇ. ಅಲ್ಲಿ ಬಾಲ್ಯದಲ್ಲಿ ಹೊಸಿಲಿಗೆ ಬಿದ್ದ ಒಂದು ಗಾಯದ ಗೆರೆ ಇದೆ, ಬೇರೆ ಏನೂ ಬರೆದಿಲ್ಲ. ಬರೆದವಳು ನಾನು, ಬಾಯಿಂದ, ವರ್ಷವರ್ಷವೂ.

ಇನ್ನು ಸೀರೆ. ನಿನ್ನ ಪ್ರಶ್ನೆಗೆ ಉತ್ತರ ಇದು. ಆ ಸೀರೆಯನ್ನು ನಾನು ಧೈರ್ಯಕ್ಕೆಂದು ಕೊಟ್ಟೆ. ಎಲ್ಲರೆದುರು ಅಮ್ಮನ ಸೀರೆ ಕೊಟ್ಟರೆ, ಇವಳು ನಮ್ಮವಳೇ, ನಾವು ಇವಳನ್ನು ಬಿಟ್ಟಿಲ್ಲ ಎಂದು ಹನ್ನೊಂದು ಮನೆಗೂ ತಿಳಿಯುತ್ತದೆ ಎಂದುಕೊಂಡಿದ್ದೆ. ಕಷ್ಟದಲ್ಲಿರುವ ಹೆಣ್ಣಿಗೆ ಕೊಡುವ ಸೀರೆ ಅದು. ನೀನು ಬೇರೆ ರೀತಿ ತಿಳಿದುಕೊಂಡೆ. ಕಥೆಯನ್ನು ಹಾಗೆ ಹೇಳಿ ಸೀರೆಯನ್ನು ಹೀಗೆ ಕೊಟ್ಟದ್ದು ನನ್ನ ತಪ್ಪು. ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಹಬ್ಬಕ್ಕೆ ಬಾ ಎಂದು ಕರೆಯುವುದಿಲ್ಲ. ಬರಬೇಡ. ನಿನ್ನಮ್ಮನಿಗೆ ದಿನಾ ಫೋನು ಮಾಡು, ಅವಳು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ನಿನ್ನ ಜೊತೆ ಮಾತಾಡುವ ಅರ್ಧ ಗಂಟೆ ಮಾತ್ರ ಈ ಮನೆಯಲ್ಲಿ ನಗು ಕೇಳುತ್ತದೆ. ಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಮೂರು ಹೊತ್ತೂ ಊಟ ಮಾಡು. ನಿನಗೆ ಇಷ್ಟವಾದದ್ದನ್ನು ಓದು, ಇಷ್ಟವಾದ ಕಡೆ ಹೋಗು, ಬಸ್ಸು ಬರದಿದ್ದರೆ ಯಾರ ಬೈಕು ಸಿಕ್ಕರೂ ಹತ್ತು. ನೂರು ವರ್ಷ ಬಾಳು. ನನ್ನ ಆಶೀರ್ವಾದ ನಿನಗೆ ಬೇಡದಿದ್ದರೂ ಅದು ನಿನ್ನ ಮೇಲೆ ಇರುತ್ತದೆ, ಅದನ್ನು ಮಾತ್ರ ತಡೆಯಲು ನಿನ್ನಿಂದ ಆಗುವುದಿಲ್ಲ.

ಇಂತಿ ನಿನ್ನ ಅಜ್ಜಿ,
ರಂಗಕ್ಕ

ತಾ.ಕ.
ಬುಧವಾರ, ೬ ಮಾರ್ಚ್

ಭಾನುವಾರ ಪತ್ರ ಮುಗಿಸಿ ಲಕೋಟೆಗೆ ಹಾಕಿದೆ. ಅಂಟು ಹಚ್ಚಲು ಆಗಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ.

ಅವತ್ತು ಮಧ್ಯಾಹ್ನ ನನ್ನ ಅತ್ತೆ ಇನ್ನೊಂದು ಮಾತು ಹೇಳಿದ್ದರು. ಹೊಂಬಾಳಮ್ಮ ಮೂರು ದಿನ ತಿರುಗಿ, ದಾರಿ ಕಾಣದೆ ವಾಪಸು ಬಂದು ಜಗಲಿಯ ಮೇಲೆ ಕುಳಿತಾಗ ಅವಳ ಅತ್ತೆ ಬಾಗಿಲು ತೆರೆದಳಂತೆ. ಒಳಗೆ ಕರೆಯಲಿಲ್ಲ. ಒಂದು ಮೊರದಲ್ಲಿ ಹೊಸ ಸೀರೆಯನ್ನೂ ಅರಿಶಿನವನ್ನೂ ಇಟ್ಟು ಅವಳ ಮುಂದೆ ಸರಿಸಿ, "ನಿಂಗೇ ಗೊತ್ತಲ್ಲವ್ವ" ಅಂದಳಂತೆ. ಅಷ್ಟೇ ಮಾತು. ಹೊಂಬಾಳಮ್ಮ ಎದ್ದು ಹೋದದ್ದು ಆಮೇಲೆ. ಅಮ್ಮನ ಸೀರೆ ಎಂದು ನಾವು ವರ್ಷವರ್ಷ ಕೊಡುವುದು ಆ ಸೀರೆ. ಕಷ್ಟಕ್ಕೆ, ಧೈರ್ಯಕ್ಕೆ ಎಂಬುದೆಲ್ಲ ಹಿಂದಿನವರು ಆಮೇಲೆ ಕಟ್ಟಿಕೊಂಡ ಮಾತು. ಬೇರೆಯವರಿಗೆ ಕೊಡುವಾಗ ನಾನೂ ಧೈರ್ಯಕ್ಕೇ ಕೊಟ್ಟಿದ್ದೆ, ಅದು ಸತ್ಯ. ಅದರ ಮೊದಲ ಅರ್ಥ ಏನೆಂದು ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತಿತ್ತು.

ಗೊತ್ತಿದ್ದೂ ನಿನಗೆ ಕೊಟ್ಟೆ.

ಕೊಡುವಾಗ ನನ್ನ ಮನಸ್ಸಿನಲ್ಲಿ ಜಗಲಿಯ ಮೇಲೆ ಬಿದ್ದಿದ್ದ ಆ ತಟ್ಟೆ ಇತ್ತು, ಬೀದಿಯಲ್ಲಿ ನಿಂತಿದ್ದ ಏಳೆಂಟು ಜನ ಇದ್ದರು. ಇವಳಿಲ್ಲದಿದ್ದರೆ ಮನೆಯ ಹೆಸರು ಉಳಿಯುತ್ತದೆ ಅನ್ನಿಸಿತು. ಒಂದು ಗಳಿಗೆ. ಎರಡು ಗಳಿಗೆಯೇ ಇರಬಹುದು, ನಾನು ಎಣಿಸಲಿಲ್ಲ. ನೀನು ತಪ್ಪು ತಿಳಿದುಕೊಳ್ಳಲಿಲ್ಲ, ಧನ್ಯಾ. ನೀನು ತಲೆ ಆಡಿಸಿದ್ದು ಸರಿಯಾಗಿಯೇ ಇತ್ತು. ನಾನು ಹೇಳಿದ್ದು ಅದನ್ನೇ. ಹುಟ್ಟಿದ ದಿನ ನಿನ್ನನ್ನು ಮೊದಲು ಎತ್ತಿಕೊಂಡ ಕೈಯಿಂದಲೇ ಹೇಳಿದೆ.

ಇದಕ್ಕೆ ಕ್ಷಮೆ ಎಂಬುದು ಇಲ್ಲ. ಕೇಳುವುದೂ ಇಲ್ಲ. ಕೇಳಿದರೆ, ಕೊಡಬೇಕೋ ಬೇಡವೋ ಎಂಬ ಭಾರವನ್ನು ಮತ್ತೆ ನಿನ್ನ ತಲೆಯ ಮೇಲೆ ಹೊರಿಸಿದ ಹಾಗಾಗುತ್ತದೆ. ನಿನಗೆ ಮಾತ್ರ ಬರೆದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ ಅನ್ನಿಸಿತು. ಸೀರೆಯನ್ನು ಎಲ್ಲರೆದುರು ಕೊಟ್ಟಿದ್ದೆನಲ್ಲ.

ನಿನ್ನೆ ಹಬ್ಬ. ಹನ್ನೊಂದು ಮನೆಯವರೂ ಬಂದಿದ್ದರು. ಈ ಸಲ ಕಲ್ಲಿಗೆ ಸೀರೆ ಏರಿಸಲು ನಾನು ಬಿಡಲಿಲ್ಲ. ಎದ್ದು ನಿಂತು ಅತ್ತೆ ಹೇಳಿದ ಹಾಗೆ ಕಥೆ ಹೇಳಿದೆ. ಮೂರು ಬಾಗಿಲು, ಮೂರು ದಿನ, ಮೊರ. ಬಾವಿ ಉಕ್ಕಿದ್ದು ನನ್ನ ಬಾಯಲ್ಲಿ ಮಾತ್ರ ಎಂದೆ. ಲಕ್ಷ್ಮಯ್ಯ, "ಅತ್ತಿಗೆ, ಬಾಯ್ ಮುಚ್ಕಂಡು ಕೂತ್ಕೊ. ವಯಸ್ಸಾಯ್ತು, ತಲೆ ಕೆಟ್ಟೈತೆ" ಎಂದು ಕೂಗಿದ.

"ತಲೆ ಈಗ ನೆಟ್ಟಗೈತೆ, ಕೂತ್ಕಳಪ್ಪ ನೀನು" ಅಂದೆ. ನಿನಗೆ ಸೀರೆ ಕೊಟ್ಟಾಗ ನನ್ನ ಮನಸ್ಸಿನಲ್ಲಿದ್ದುದನ್ನು ಆಮೇಲೆ ಹೇಳಿದೆ. ಇಲ್ಲಿ ಬರೆದಿರುವ ಹಾಗೆಯೇ, ಒಂದು ಮಾತೂ ಬಿಡದೆ.

ಯಾರೂ ಅಳಲಿಲ್ಲ. ನಿನ್ನಪ್ಪ ಎದ್ದು ತೋಟದ ಆ ಕಡೆಗೆ ಹೋದ. ಚಿಕ್ಕನಾಯಕನಹಳ್ಳಿಗೆ ಕೊಟ್ಟಿರುವ ಗಿರಿಜಾಂಬಿಕಾ, ಇಪ್ಪತ್ತು ವರ್ಷದ ಹಿಂದೆ ಮಕ್ಕಳಾಗಲಿಲ್ಲ ಎಂದು ನನ್ನ ಕೈಯಿಂದ ಸೀರೆ ತೆಗೆದುಕೊಂಡವಳು, ಮುಂದೆ ಬಂದು ನಿಂತಳು. "ದೊಡ್ಡಮ್ಮಾ, ಹಂಗಾರೆ ನಂಗ್ಯಾಕೆ ಕೊಟ್ಟೆ?" ಅಂದಳು.

"ನಿಂಗೆ ಧೈರ್ಯಕ್ಕೇ ಕಣವ್ವ. ಆಣೆ ಮಾಡ್ತೀನಿ."

"ನಿನ್ ಆಣೆ ಯಾರಿಗ್ ಬೇಕು ಬುಡು" ಎಂದು ತಿರುಗಿ ನಡೆದಳು. ಅವಳ ಹಿಂದೆ ಉಳಿದವರೂ ಎದ್ದರು. ಎಡೆಯ ಅನ್ನ ಹಾಗೇ ಇತ್ತು. ಅಮ್ಮನ ಹಬ್ಬದಲ್ಲಿ ಊಟ ಬಿಟ್ಟು ಹೋದದ್ದು ಇದೇ ಮೊದಲು. ಹೋಗುವಾಗ ಒಬ್ಬರೂ ನನಗೆ "ಬತ್ತೀನಿ" ಅನ್ನಲಿಲ್ಲ. ಬೀಗದ ಕೈಯನ್ನು ನಾನೇ ಬಿಚ್ಚಿ ನಿನ್ನಮ್ಮನ ಕೈಗೆ ಕೊಟ್ಟೆ. ಅವಳು ತೆಗೆದುಕೊಂಡಳು.

ಇವತ್ತು ಬೆಳಿಗ್ಗೆ ಎದ್ದಾಗ ಮೈ ಭಾರವಾಗಿತ್ತು. ಹೊರಗೆ ಮುಖ ತೋರಿಸಬಾರದು, ಒಳಗೇ ಇದ್ದುಬಿಡಬೇಕು ಅನ್ನಿಸಿತು. ಇದಕ್ಕಿಂತ ಹೋಗಿಬಿಡುವುದೇ ಮೇಲು ಎಂಬ ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ. ಮಾನ ಹೋದವರಿಗೆ ಹೇಗಿರುತ್ತದೆ ಎಂದು ಎಪ್ಪತ್ತೆರಡನೆಯ ವಯಸ್ಸಿಗೆ ತಿಳಿಯಿತು. ಇಪ್ಪತ್ತೆರಡಕ್ಕೆ ನಿನಗೆ ಅದನ್ನು ತೋರಿಸಿದ್ದೆನಲ್ಲ ಎಂದು ಹಾಸಿಗೆಯ ಮೇಲೆಯೇ ಸ್ವಲ್ಪ ಹೊತ್ತು ಕುಳಿತಿದ್ದೆ. ಆಮೇಲೆ ಎದ್ದು ಮುಖ ತೊಳೆದು, ಕರಿ ಹಸುವಿನ ಹಾಲು ಕರೆದು, ಕ್ಯಾನು ಹಿಡಿದುಕೊಂಡು ಡೈರಿಗೆ ನಾನೇ ಹೊರಟೆ. ಇಷ್ಟು ವರ್ಷ ಆಳು ಹೋಗುತ್ತಿದ್ದ. ನಾನು ಆ ಬಾಗಿಲಿಗೆ ಹೋದವಳೇ ಅಲ್ಲ.

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಯಾರೂ ಜಾಗ ಬಿಡಲಿಲ್ಲ. ನಾನೂ ಕೇಳಲಿಲ್ಲ. ಎಲ್ಲರ ಹಿಂದೆ ನಿಂತೆ. ಒಬ್ಬಳು ಸೆರಗು ಅಡ್ಡ ಹಿಡಿದು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು, ಇಬ್ಬರೂ ನನ್ನನ್ನು ನೋಡಿದರು. ನೋಡಲಿ ಎಂದು ನಿಂತೆ. ನನ್ನ ಸರದಿ ಬಂತು. ಹಾಲು ಅಳೆಸಿ, ಚೀಟಿ ತೆಗೆದುಕೊಂಡು, ಊರ ನಡುವಿನ ಬೀದಿಯಲ್ಲೇ ನಡೆದು ಮನೆಗೆ ಬಂದು, ರೊಟ್ಟಿ ತಿಂದು, ಇದನ್ನು ಬರೆದು ಮುಗಿಸಿದ್ದೇನೆ.